ಬಚ್ಚಲ ಹಿಂದಿನ ತಗಡು

ಅಕ್ಕುವಿಗೆ ಭೂತ ಹೊಡೆಯಿತು ಎಂದು ಕೂಗುತ್ತಾ ಮಿಲ್ಲಿನ ಹೆಂಗಸೊಬ್ಬಳು ಹೆರಿಗೆ ಕೇಂದ್ರದ ಬಾಗಿಲಿಗೆ ಓಡಿ ಬಂದಾಗ ನಾನು ಸೂಜಿಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದೆ. ಭೂತ ಹೊಡೆದರೆ ನರ್ಸು ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕಡಬಕ್ಕೆ ವರ್ಗವಾಗಿ ಬಂದ ಮೇಲೆ ನಾನು ಕಲಿತ ಮೊದಲ ಪಾಠವೇ ಅದು. ಭೂತವಾಗಲಿ, ಭೇದಿಯಾಗಲಿ, ಕೊನೆಗೆ ಚೀಲ ಹಿಡಿದುಕೊಂಡು ಹೋಗಬೇಕಾದವಳು ಶಂಕರಿಯೇ.

ದೇರಣ್ಣನ ಅಕ್ಕಿ ಮಿಲ್ಲು ಪೇಟೆಯ ಕೊನೆಯಲ್ಲಿತ್ತು. ನಮ್ಮ ಬೀದಿಗೆ ಕರೆಂಟು ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಬಂದ ಕೂಡಲೇ ದೇರಣ್ಣ ತನ್ನ ಹೊಗೆ ಕಾರುವ ಆಯಿಲ್ ಎಂಜಿನನ್ನು ಮಾರಿ, ಕರೆಂಟಿನ ಮೋಟಾರು ಕೂರಿಸಿ, ಊರಿಗೆಲ್ಲ ಲಾಡು ಹಂಚಿದ್ದ. ಆ ಮೋಟಾರಿನಿಂದ ಬೆಲ್ಟು ಹಾದು ಭತ್ತ ಕುಟ್ಟುವ ಹಲ್ಲರ್ ತಿರುಗುತ್ತಿತ್ತು. ಅಕ್ಕು ಕೈಕಾಲು ತೊಳೆದುಕೊಂಡು ಬಂದವಳು, ಒದ್ದೆ ಕೈಯನ್ನು ಹಲ್ಲರಿನ ಕಬ್ಬಿಣದ ಮೈಗೆ ಇಟ್ಟಳಂತೆ. ಅಷ್ಟೇ. ತೌಡಿನ ರಾಶಿಯ ಮೇಲೆ ಹೋಗಿ ಬಿದ್ದಳು. ತೌಡಿಲ್ಲದಿದ್ದರೆ ತಲೆ ಒಡೆಯುತ್ತಿತ್ತು.

ನಾನು ಹೋದಾಗ ಉಸಿರು ಸರಿಯಾಗಿತ್ತು, ನಾಡಿ ಮಾತ್ರ ಓಡುತ್ತಿತ್ತು. ಅಂಗೈಯಲ್ಲಿ ಹುಣಸೆ ಬೀಜದಷ್ಟು ಸುಟ್ಟ ಗಾಯ. ಮುಲಾಮು ಹಚ್ಚಿ ಕಟ್ಟು ಕಟ್ಟುವಾಗ ಅಕ್ಕು ಕೇಳಿದಳು, “ಅಮ್ಮ, ಅದು ನನ್ನ ಕೈಯನ್ನು ಹಿಡಿದುಕೊಂಡಿತು. ಬಿಡ್ಲಿಲ್ಲ. ಎಂತದು ಅದು?”

“ಕರೆಂಟು” ಎಂದೆ.

“ಕರೆಂಟು ವಯರಿನಲ್ಲಿ ಅಲ್ವಾ ಇರುದು? ನಾನು ವಯರು ಮುಟ್ಲೇ ಇಲ್ಲ.”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. “ಸುಮ್ಮನೆ ಮಲಗು” ಎಂದು ಗದರಿಸಿದೆ.

ಹೊರಗೆ ಬರುವಾಗ ಪಕ್ಕದ ಮನೆಯ ಕಲ್ಲಿನ ಗೋಡೆಯ ಮೇಲಿಂದ ತಿಮ್ಮಕ್ಕನ ಮುಖ ಕಂಡಿತು. ತಿಮ್ಮಕ್ಕ ದೇರಣ್ಣನ ತೀರಿಹೋದ ಅಣ್ಣನ ಹೆಂಡತಿ. ಎರಡೂ ಮನೆಗೆ ಮಾತಿಲ್ಲ. ಗೋಡೆಯಾಚೆಯ ಒಂದು ತುಂಡು ಜಾಗ ಯಾರದ್ದು ಎಂಬ ಜಗಳ, ಗಂಡ ಇದ್ದಾಗಲೇ ಶುರುವಾದದ್ದು. “ಅವರದ್ದು ಅವರಿಗೇ ತಿರುಗಿತು ನರ್ಸಮ್ಮ” ಎಂದಳು ತಿಮ್ಮಕ್ಕ, ಮೆಲ್ಲನೆ. ಅವಳ ದನಿಯಲ್ಲಿ ಸಂತೋಷವಿರಲಿಲ್ಲ, ಹೆದರಿಕೆ ಇತ್ತು. ನನ್ನ ಕುತೂಹಲ ಎದ್ದು ಕುಳಿತದ್ದು ಆಗ.

ತಿಮ್ಮಕ್ಕನ ಮನೆಗೆ ನಾನು ಎರಡು ದಿನಕ್ಕೊಮ್ಮೆ ಹೋಗುತ್ತಿದ್ದೆ. ಮಗಳು ಪ್ರೇಮಾವತಿ ಹೆರಿಗೆಗೆ ಬಂದಿದ್ದಳು, ದಿನ ತುಂಬುತ್ತಾ ಬಂದಿತ್ತು. ಮೊದಲಿನ ಎರಡೂ ಕೈಗೆ ದಕ್ಕಿರಲಿಲ್ಲ. ಒಂದು ಗಂಡನ ಮನೆಯಲ್ಲೇ ಹುಟ್ಟಿದ ಗಳಿಗೆಗೆ ಹೋಯಿತು. ಎರಡನೆಯದು ತವರಿಗೆಂದು ಹೊರಟವಳಿಗೆ ದಾರಿಯಲ್ಲಿ ನೋವು ಬಂದು, ಹೊಳೆ ದಾಟಿಸುವ ದೋಣಿಗೆ ಕಾಯುತ್ತಾ ಕುಳಿತಲ್ಲೇ ಹೋಯಿತು. ಈ ಸಲ ಹಾಗಾಗಬಾರದೆಂದು ನಾನೇ ಹಠ ಹಿಡಿದು, ಏಳನೆಯ ತಿಂಗಳಿಗೇ ಕರೆಸಿದ್ದೆ. ಈ ಮನೆಯಿಂದ ನನ್ನ ಕೇಂದ್ರಕ್ಕೆ ಕೂಗಿದರೆ ಕೇಳುವಷ್ಟು ದೂರ.

ಅವಳದ್ದೊಂದು ವಿಚಿತ್ರ ದೂರು ಇತ್ತು. ಸ್ನಾನ ಮಾಡುವಾಗ ಬಚ್ಚಲಿನ ಕಲ್ಲಿನ ಮೇಲೆ ನಿಂತು ತಾಮ್ರದ ಹಂಡೆಗೆ ಕೈ ಹಾಕಿದರೆ ಮೊಣಕೈಯವರೆಗೆ ಇರುವೆ ಹರಿದ ಹಾಗೆ ಆಗುತ್ತದೆಯಂತೆ. ಬಸುರಿಯರಿಗೆ ಕೈ ಜುಮುಗುಟ್ಟುವುದು ಹೊಸತಲ್ಲ, ನಾನು ಹಾಗೇ ಹೇಳಿದ್ದೆ. ಪುತ್ತೂರಿನ ಡಾಕ್ಟರೂ ಹಾಗೇ ಹೇಳಿ ಟಾನಿಕ್ಕು ಕೊಟ್ಟಿದ್ದರು. ಗಂಡ ಬಂದವನು “ಎಂತ ಇಲ್ಲ ಮಾರಾಯ್ತಿ, ನಿನ್ನ ಭ್ರಮೆ” ಎಂದು ಹೋಗಿದ್ದ. ಆಮೇಲೊಂದು ದಿನ ಅದು ತಾನಾಗಿಯೇ ನಿಂತಿತು. ಟಾನಿಕ್ಕು ಕೆಲಸ ಮಾಡಿತು ಎಂದುಕೊಂಡು ನಾನು ಸುಮ್ಮನಿದ್ದೆ.

ಅಕ್ಕು ಬಿದ್ದ ಮರುದಿನ ಬೆಳಗ್ಗಿನ ಬಸ್ಸಿನಲ್ಲಿ ಸುಳ್ಯದಿಂದ ಕರೆಂಟಿನ ಸೂಪರ್‌ವೈಸರ್ ಬಂದ. ತೀರ್ಥರಾಮ ಎಂದು ಹೆಸರು, ಮರ್ಕಂಜದ ಗೌಡರ ಹುಡುಗ, ಮಂಗಳೂರಿನಲ್ಲಿ ಡಿಪ್ಲೊಮ ಓದಿದವನು. ಮೂವತ್ತು ದಾಟಿರಲಿಕ್ಕಿಲ್ಲ. ಸಣಕಲು ಮೈ, ಕಾಲಿಗೆ ರಬ್ಬರಿನ ದಪ್ಪ ಬೂಟು, ಹೆಗಲಿಗೆ ಭಾರದ ಚೀಲ, ಮುಖದಲ್ಲಿ ಊಟ ಮಾಡಿ ಎರಡು ದಿನ ಆದವರ ಸಿಡುಕು.

“ಇಂಜಿನಿಯರ್ರು ಬಂದ್ರು, ಕುರ್ಚಿ ತನ್ನಿ” ಎಂದು ದೇರಣ್ಣ ಗಡಿಬಿಡಿ ಮಾಡಿದ.

“ಇಂಜಿನಿಯರ್ ಅಲ್ಲ. ಅವರು ನಕ್ಷೆ ಬರೀತಾರೆ. ಕಂಬ ಹತ್ತುದು ಲೈನ್‌ಮ್ಯಾನ್. ನಕ್ಷೆಯಲ್ಲಿ ಬರೆದದ್ದು ನೆಲದ ಮೇಲೆ ಉಂಟಾ ಇಲ್ವಾ ಅಂತ ನೋಡುದು ನನ್ನ ಕೆಲಸ. ಕುರ್ಚಿ ಬೇಡ, ಮೋಟಾರು ಎಲ್ಲಿ?”

ನನಗೆ ಆ ಮಾತು ಹಿಡಿಸಿತು. ನಾನೂ ಅಂಥವಳೇ ಅಲ್ಲವೇ? ಮೇಲೆ ಪುತ್ತೂರಿನ ಡಾಕ್ಟರು, ಕೆಳಗೆ ಊರಿನ ಸೂಲಗಿತ್ತಿ, ನಡುವೆ ಶಂಕರಿ. ಅಕ್ಕುವಿನ ಕಟ್ಟು ಬದಲಿಸುವ ನೆಪ ಮಾಡಿಕೊಂಡು ಅಲ್ಲೇ ನಿಂತೆ.

ಅವನು ಚೀಲದಿಂದ ಒಂದು ಬಲ್ಬನ್ನು ತೆಗೆದ. ಅದರ ಹೋಲ್ಡರಿನಿಂದ ಎರಡು ವಯರು ಬಾಲದ ಹಾಗೆ ನೇತಾಡುತ್ತಿದ್ದವು. ಎಲ್ಲರನ್ನೂ ದೂರ ನಿಲ್ಲಿಸಿ ಮೋಟಾರು ಹಾಕಿಸಿದ. ಒಂದು ವಯರಿನ ತುದಿಯನ್ನು ಹಲ್ಲರಿನ ಮೈಗೆ, ಇನ್ನೊಂದನ್ನು ಅಂಗಳದ ಒದ್ದೆ ನೆಲದಲ್ಲಿ ಊರಿದ ಕಬ್ಬಿಣದ ಗೂಟಕ್ಕೆ ತಾಗಿಸಿದ. ಹಗಲು ಬೆಳಕಿನಲ್ಲಿ ಬಲ್ಬು ಮಂಕಾಗಿ, ಕೆಂಪಗೆ ಉರಿಯಿತು. ಹೆಂಗಸರು “ಅಯ್ಯೋ ದೇವರೇ” ಎಂದರು. ಅಕ್ಕು ಕಟ್ಟು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡಳು.

“ಈಗ ಗೊತ್ತಾಯ್ತಾ ಅಕ್ಕ? ವಯರಿನಲ್ಲಿ ಇರ್ಬೇಕಾದದ್ದು ಕಬ್ಬಿಣಕ್ಕೆ ಇಳಿದಿದೆ” ಎಂದು ಅವಳಿಗೇ ತಿರುಗಿ ಹೇಳಿದ. ಅವಳ ಪ್ರಶ್ನೆ ಅವನ ಕಿವಿಗೆ ಯಾವಾಗ ಬಿತ್ತೋ ಕಾಣೆ. “ಮಳೆಗಾಲದ ತಂಡಿ, ಮೇಲಿಂದ ತೌಡಿನ ಧೂಳು. ಮೋಟಾರಿನ ಒಳಗಿನ ಸುತ್ತು ಕೆಟ್ಟಿದೆ. ಇದನ್ನು ಬಿಚ್ಚಿ ಮಂಗಳೂರಿಗೆ ಕಳಿಸ್ಬೇಕು.”

ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಅವನು ಮಾತ್ರ ಹಣೆ ಗಂಟಿಕ್ಕಿ ನಿಂತ. ಮೋಟಾರು ಕೆಡುವುದು ಸಹಜವಂತೆ. ಕೆಟ್ಟರೂ ಮನುಷ್ಯರಿಗೆ ತಾಗಬಾರದೆಂದು ಅವನೇ ಬೇಸಿಗೆಯಲ್ಲಿ ಬಂದು ಒಂದು ದಾರಿ ಮಾಡಿಕೊಟ್ಟು ಹೋಗಿದ್ದನಂತೆ. ಮೋಟಾರು, ಹಲ್ಲರ್ ಎರಡರ ಮೈಯಿಂದ ಒಂದೊಂದು ದಪ್ಪ ತಂತಿ ಹೊರಟು, ಹೊರಗೆ ನೆಲದಲ್ಲಿ ಹೂತ ಒಂದೊಂದು ತಾಮ್ರದ ತಗಡಿಗೆ ಸೇರುತ್ತದೆ. ಇಳಿದ ಕರೆಂಟು ಆ ದಾರಿಯಲ್ಲಿ ಮಣ್ಣಿಗೆ ಹೋಗಬೇಕು. ಅದಕ್ಕೆ ಅರ್ತ್ ಎನ್ನುತ್ತಾರೆ. “ಅಂಥ ಸಲೀಸಾದ ದಾರಿ ಬಿಟ್ಟು ಇದು ಅಕ್ಕುವಿನ ಕೈಯಿಂದ ಯಾಕೆ ಹೋಯ್ತು?” ಎಂದು ಗೊಣಗುತ್ತಾ ತಂತಿಯ ಜಾಡು ಹಿಡಿದು ಹೊರಟ. ನಾನು ಹಿಂದಿನಿಂದ ಹೊರಟೆ. ಕರೆಯದೆ ಹೋಗುವುದರಲ್ಲಿ ನನಗೆ ಯಾವತ್ತೂ ನಾಚಿಕೆಯಿಲ್ಲ.

ತಂತಿ ಮಿಲ್ಲಿನ ಹಿಂದೆ ಹೋಗಿ, ತಿಮ್ಮಕ್ಕನ ಗೋಡೆಯ ಬುಡದಲ್ಲಿ ಮಣ್ಣಿಗೆ ಇಳಿದಿತ್ತು. ಊರೆಲ್ಲ ಕೆಂಪು ಮುರಕಲ್ಲಿನ ನೆಲ, ಒಣಗಿದ ಕಲ್ಲಿನಲ್ಲಿ ಕರೆಂಟು ಇಳಿಯುವುದಿಲ್ಲ, ತಗಡು ಹೂಳಲು ಒದ್ದೆ ಜಾಗವೇ ಬೇಕು ಎಂದು ಅವನು ವಿವರಿಸಿದ. ತಿಮ್ಮಕ್ಕನ ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಬಂದು ಅಲ್ಲಿ ಇಂಗುತ್ತಿತ್ತು. ಕೆಸುವಿನ ಎಲೆಗಳು ಹುಲುಸಾಗಿ ಬೆಳೆದ ಆ ತಂಪಾದ ತುಂಡು ಅವನ ಕಣ್ಣಿಗೆ ಬಿದ್ದದ್ದು ಹಾಗೆ.

ತಂತಿಯಿಂದ ಮಣ್ಣಿಗೆ ದಾರಿ ಉಂಟೇ ಎಂದು ಅಳೆಯಲು, ಕೈಯಲ್ಲಿ ತಿರುಗಿಸುವ ಹಿಡಿ ಇದ್ದ ಒಂದು ಮರದ ಪೆಟ್ಟಿಗೆಯನ್ನು ಇಟ್ಟು, ಅದರ ವಯರನ್ನು ತಂತಿಗೆ ಸಿಕ್ಕಿಸಿ, ಗರಗರ ತಿರುಗಿಸಿದ. ಒಳಗಿನ ಮುಳ್ಳು ಒಂದು ತುದಿಗೆ ಹೋಗಿ ಕೂತುಬಿಟ್ಟಿತು. ನೀರು ತರಿಸಿ ಹೊಯ್ದು ಮತ್ತೆ ತಿರುಗಿಸಿದ. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಅವನು ಮಾಡಿದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಕುಕ್ಕುರುಗಾಲಿನಲ್ಲಿ ಕೂತು, ಆ ಬಚ್ಚಲ ಕೆಸರಿನಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಗೆ ಹಚ್ಚಿಕೊಂಡ.

“ಥೂ! ಎಂತ ಮಾಡ್ತೀರಿ ನೀವು?” ಎಂದು ಕಿರುಚಿದೆ. ರೋಗಾಣುವಿನ ಬಗ್ಗೆ ನಾನು ಊರಿಡೀ ಭಾಷಣ ಮಾಡಿಕೊಂಡು ತಿರುಗುವವಳು.

“ಉಪ್ಪಿಲ್ಲ” ಎಂದ ಅವನು, ಉಗುಳಿ. ಕಣ್ಣು ಮಿಂಚುತ್ತಿತ್ತು. ಬೆಳಗ್ಗಿನ ಸಿಡುಕೆಲ್ಲ ಎಲ್ಲಿ ಹೋಯಿತೋ. “ನರ್ಸಮ್ಮ, ತಗಡಿನ ಸುತ್ತ ಮೂಟೆ ಉಪ್ಪು, ಮೂಟೆ ಇದ್ದಿಲು ಹಾಕಿ ಮುಚ್ಚುದು ನಾವು. ಮಣ್ಣು ತಂಪಾಗಿರ್ಬೇಕಲ್ಲ, ಅದಕ್ಕೆ. ಉಪ್ಪಿನದ್ದು ರುಚಿಯೇ ಇಲ್ಲ, ಇದ್ದಿಲಿನದ್ದು ಒಂದು ಚೂರೂ ಕಾಣುದಿಲ್ಲ. ಇದು ನಾನು ಮುಚ್ಚಿದ ಗುಂಡಿ ಅಲ್ಲ. ಯಾರೋ ತೆಗೆದು ಮತ್ತೆ ಮುಚ್ಚಿದ್ದಾರೆ.” ಅವನು ಹಾರೆ ತರಲು ಆಳನ್ನು ಓಡಿಸಿದ.

ಹಾರೆಯ ಸದ್ದಿಗೆ ಗೋಡೆಯ ಮೇಲೆ ತಿಮ್ಮಕ್ಕ ಕಾಣಿಸಿಕೊಂಡಳು. ಮುಖದಲ್ಲಿ ರಕ್ತವಿರಲಿಲ್ಲ. “ಪುನಃ ಹೂಳ್ಲಿಕ್ಕೆ ಬಂದ್ರಾ?” ಎಂದಳು. ಯಾರಾದರೂ ಬಾಯಿ ತೆರೆಯುವ ಮೊದಲೇ ಒಳಗೆ ತಿರುಗಿ, “ಪ್ರೇಮಾ, ಬಟ್ಟೆ ಕಟ್ಟು. ಉಸ್ಮಾನನ ಜೀಪಿಗೆ ಹೇಳಿ ಕಳಿಸ್ತೇನೆ. ಮರ್ಕಂಜಕ್ಕೆ, ನಿನ್ನ ಸೋದರಮಾವನ ಮನೆಗೆ ಹೋಗುವ. ಈ ಜಾಗದಲ್ಲಿ ಇನ್ನು ನಿನ್ನನ್ನು ಒಂದು ಗಳಿಗೆ ಇಟ್ಟುಕೊಳ್ಳುದಿಲ್ಲ” ಎಂದು ಕೂಗಿದಳು.

ದಿನ ತುಂಬಿದ ಹುಡುಗಿ. ಆ ರಸ್ತೆಯ ಹೊಂಡಗಳಲ್ಲಿ ಜೀಪು, ಆಮೇಲೆ ಅದೇ ಹೊಳೆ, ಅದೇ ದೋಣಿಗೆ ಕಾಯುವುದು. ಎರಡನೆಯದನ್ನು ಕಳೆದುಕೊಂಡಲ್ಲೇ ಮೂರನೆಯದನ್ನೂ ಕಳೆದುಕೊಳ್ಳುತ್ತಾಳೆ. ನಾನು ಗೋಡೆ ಸುತ್ತಿ ಓಡಿ, ಅವಳ ಅಂಗಳದಲ್ಲಿ ಅಡ್ಡ ನಿಂತೆ. “ತಿಮ್ಮಕ್ಕ, ನಿಮಗೆ ತಲೆ ಸರಿ ಉಂಟಾ? ಜೀಪು ಹತ್ತಿಸಿದ್ರೆ ಈ ಮಗುವೂ ಉಳಿಯುದಿಲ್ಲ. ಬರೆದಿಟ್ಟುಕೊಳ್ಳಿ!”

“ಇಲ್ಲಿದ್ರೂ ಉಳಿಯುದಿಲ್ಲ” ಎಂದಳು ಅವಳು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಗೋಡೆಯಾಚೆಯಿಂದ ತೀರ್ಥರಾಮ, “ಇದೆಂತ ಮಾರಾಯ್ರೆ!” ಎಂದು ಕೂಗಿದ. ನಾವಿಬ್ಬರೂ ಇಣುಕಿದೆವು. ಗುಂಡಿಯಲ್ಲಿ ಅವನ ಸೊಂಟದವರೆಗೆ ಆಳ ತೋಡಿದ್ದರು. ತಾಮ್ರದ ತಗಡು ಇರಬೇಕಾದಲ್ಲಿ ಒಂದು ತೆಂಗಿನಕಾಯಿ ಇತ್ತು. ಮೈಗೆಲ್ಲ ಕುಂಕುಮ ಹಚ್ಚಿದ್ದ, ಮೊಳಕೆ ಬರುತ್ತಿದ್ದ ತೆಂಗಿನಕಾಯಿ. ಅರ್ತಿನ ಎರಡೂ ತಂತಿಗಳನ್ನು ಕತ್ತರಿಸಿ ಅದಕ್ಕೆ ಮೂರು ಸುತ್ತು ಸುತ್ತಿ, ಕೆಂಪು ನೂಲಿನಿಂದ ಗಂಟು ಹಾಕಿದ್ದರು.

ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹೊಸ ಯಂತ್ರವನ್ನು ನೋಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. “ಗಂಟು ಒಳ್ಳೇದು ಹಾಕಿದ್ದಾರೆ” ಎಂದ. ನನಗೆ ಆ ಹೊತ್ತಿನಲ್ಲೂ ನಗು ಬಂತು. ತಿಮ್ಮಕ್ಕ ನಗಲಿಲ್ಲ.

“ನಾನೇ ತೆಗೆಸಿದ್ದು” ಎಂದಳು. “ಎಂತ ಮಾಡ್ತಿ ಮಾಡು.”

ಆಮೇಲೆ ಎಲ್ಲ ಹೊರಬಂತು. ಬೇಸಿಗೆಯಲ್ಲಿ ಗುಂಡಿ ತೋಡಿದಾಗ ಅವಳು ಊರಲ್ಲಿರಲಿಲ್ಲ. ಮಗಳಿಗೆ ಬಚ್ಚಲಿನಲ್ಲಿ ಜುಮ್ಮೆನ್ನಲು ಶುರುವಾದ ಮೇಲೆ ಎಲ್ಲರನ್ನೂ ಕೇಳಿದಳು. ಕೊನೆಗೆ ಮಂತ್ರವಾದಿಯನ್ನು ಕರೆಸಿದಳು. ಅವನು ಮನೆ ಸುತ್ತಿ ಬಂದು, ಈ ಜಾಗದ ಮಣ್ಣು ಕದಡಿದೆ ಎಂದ. ಮಿಲ್ಲಿಗೆ ರಜೆ ಇದ್ದ ಆದಿತ್ಯವಾರ ಅಗೆದರು. ಕಂಡದ್ದೇನು? ಬಸುರಿಯ ಸ್ನಾನದ ನೀರು ಬೀಳುವಲ್ಲೇ, ಸರಿಯಾಗಿ ಅದರ ಅಡಿಯಲ್ಲೇ, ಉಪ್ಪು, ಇದ್ದಿಲು, ತಾಮ್ರದ ತಗಡು. ನಮ್ಮ ಕಡೆ ಮಾಟ ಮಾಡುವವರು ಹೂಳುವುದು ಇನ್ನೇನನ್ನು? ಆ ಮೂರೂ ಒಟ್ಟಿಗೆ ಕಂಡರೆ ನಾನಾದರೂ, ಎಷ್ಟು ಭಾಷಣ ಮಾಡಿದರೂ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

“ಎಲ್ಲರೂ ಅಂಗೈಯಷ್ಟು ತಗಡು ಹೂಳುದು” ಎಂದಳು ತಿಮ್ಮಕ್ಕ. “ಇದು ಭತ್ತ ಕೇರುವ ಗೆರಸೆಯಷ್ಟು ಇತ್ತು, ಒಂದಲ್ಲ, ಎರಡು. ಮೈದುನನಿಗೆ ನಮ್ಮ ಮೇಲೆ ಅಷ್ಟು ದ್ವೇಷ ಉಂಟಾ ಅಂತ ನಾನು ಇಡೀ ದಿನ ಕೂತು ಅತ್ತೆ.”

ದೇರಣ್ಣ ಗುಂಡಿಯ ಆಚೆ ಬದಿಯಲ್ಲಿ ನಿಂತಿದ್ದ. ಜಾಗ ಯಾರದ್ದು ಎಂದು ಬೇಸಿಗೆಯಲ್ಲಿ ತೀರ್ಥರಾಮ ಕೇಳಿದಾಗ ‘ನಮ್ಮದೇ’ ಎಂದವನು ಅವನು. ತೀರ್ಥರಾಮ ಅವನನ್ನು ಒಮ್ಮೆ ನೋಡಿದ, ಅಷ್ಟೇ.

“ತಗಡು ಈಗ ಎಲ್ಲುಂಟು?” ಎಂದು ನಾನು ಕೇಳಿದೆ.

“ಹೊಳೆಗೆ ಬಿಡ್ಬೇಕು ಅಂತ ಮಂತ್ರವಾದಿಯೇ ತಕ್ಕೊಂಡು ಹೋದ.”

“ಅವನ ಮನೆಯಲ್ಲಿ ಹೊಸ ಹಂಡೆ ಕಂಡ್ರೆ ನನಗೆ ಹೇಳಿ” ಎಂದ ತೀರ್ಥರಾಮ. ಮರುಗಳಿಗೆಯಲ್ಲೇ ಅವನ ಮುಖ ಬದಲಾಯಿತು. ಗುಂಡಿಯಿಂದ ಹತ್ತಿ ಬಂದು ಗೋಡೆಯ ಹತ್ತಿರ ನಿಂತ. “ತಿಮ್ಮಕ್ಕ, ಒಂದು ವಿಷಯ ಕೇಳ್ತೇನೆ. ತಗಡು ತೆಗೆದ ಮೇಲೆ ಮಗಳಿಗೆ ಜುಮ್ಮೆನ್ನುದು ನಿಂತಿತಾ?”

“ಆ ದಿನದಿಂದ ಮತ್ತೆ ಬರ್ಲಿಲ್ಲ.”

“ಅದಕ್ಕೆ ಮೊದಲು ದಿನಾಲೂ ಇತ್ತಾ? ಆದಿತ್ಯವಾರವೂ?”

ಬಾಗಿಲ ಸಂದಿಯಿಂದ ಪ್ರೇಮಾವತಿಯ ದನಿ ಬಂತು. “ಆದಿತ್ಯವಾರ ಇರ್ಲಿಲ್ಲ. ಸಂಜೆ ತಡವಾಗಿ ಮಿಂದ್ರೂ ಇರ್ಲಿಲ್ಲ.”

“ಆದಿತ್ಯವಾರ ಅದಕ್ಕೆ ಬಲ ಇಲ್ಲ ಅಂತ ಮಂತ್ರವಾದಿ ಹೇಳಿದ್ದ” ಎಂದಳು ತಿಮ್ಮಕ್ಕ.

ತೀರ್ಥರಾಮ ತನ್ನ ತಲೆಗೆ ತಾನೇ ಒಂದು ಹೊಡೆದುಕೊಂಡ. ಅವನಿಗೆ ಏನೋ ಹೊಳೆದಿತ್ತು. ಆದಿತ್ಯವಾರವೂ ಸಂಜೆಯೂ ಮಿಲ್ಲು ನಿಂತಿರುತ್ತದೆ ಎಂದು ನನಗೂ ಅರ್ಧ ಹೊಳೆಯುತ್ತಿತ್ತು. ಹೊಳೆದದ್ದು ನನಗೆ ಇಷ್ಟವಾಗಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಉಸ್ಮಾನನ ಜೀಪಿನ ಹಾರ್ನ್ ಕೇಳಿತು.

ತಿಮ್ಮಕ್ಕ ಜೀಪಿನ ಕಡೆ ಹೋಗಲಿಲ್ಲ. ಗೋಡೆಯ ಮೇಲೆ ಎರಡೂ ಕೈ ಊರಿ ಅವನನ್ನೇ ನೋಡಿದಳು. “ನೀನು ಮರ್ಕಂಜದವನಂತೆ. ನನ್ನ ತವರೂ ಅದೇ. ಅದಕ್ಕೆ ಕೇಳ್ತೇನೆ ಮಗ. ಮಿಷಿನಿನಿಂದ ಇಳಿದದ್ದು ತಗಡಿಗೆ ಬರ್ತದೆ, ತಗಡಿನಿಂದ ಮಣ್ಣಿಗೆ ಹೋಗ್ತದೆ ಅಂತ ಆಗ ನರ್ಸಮ್ಮನಿಗೆ ಹೇಳಿದ್ದು ಕೇಳಿದೆ. ಮಣ್ಣಿಗೆ ಹೋದದ್ದು ಎಲ್ಲಿಗೆ ಹೋಗುದು?”

ಅವನು ಒಂದು ಕಡ್ಡಿ ಹಿಡಿದು ಕೂತ. ಕೆಸರಿನ ಮೇಲೆ ಮಿಲ್ಲು ಬರೆದ, ಗುಂಡಿ ಬರೆದ, ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನ ಕಂಬ ಬರೆದ. ಬಂದ ಕರೆಂಟು ತಿರುಗಿ ಕಂಬದ ಬುಡಕ್ಕೇ ಹೋಗಬೇಕು, ಮಣ್ಣಿನೊಳಗಿಂದಲೇ ಹೋಗುತ್ತದೆ ಎನ್ನುತ್ತಾ ಗುಂಡಿಯಿಂದ ಕಂಬಕ್ಕೆ ಗೆರೆ ಎಳೆದ. ಎಳೆಯುತ್ತಾ ಎಳೆಯುತ್ತಾ ಅವನ ಕೈ ನಿಧಾನವಾಯಿತು. ಗೆರೆ ತಿಮ್ಮಕ್ಕನ ಗೋಡೆ ದಾಟಿ ಬಚ್ಚಲಿನ ಅಡಿಯಿಂದ ಹೋಗುತ್ತಿತ್ತು.

ತಿಮ್ಮಕ್ಕನಿಗೂ ಅದು ಕಂಡಿತು. “ನನ್ನ ಬಚ್ಚಲಿನ ಅಡಿಯಿಂದಲಾ?”

ನಾನು ಅವಳ ಬೆನ್ನ ಹಿಂದಿನಿಂದ ಅವನಿಗೆ ಸನ್ನೆ ಮಾಡಿದೆ. ತಲೆ ಆಡಿಸಿದೆ, ಕೈ ಆಡಿಸಿದೆ, ಬಾಯಿ ಅಲ್ಲಾಡಿಸಿ ‘ಇಲ್ಲ ಅನ್ನಿ’ ಎಂದೆ. ಒಂದು ಸುಳ್ಳು, ಮಾರಾಯ! ಒಂದೇ ಒಂದು. ಡಾಕ್ಟರುಗಳು ದಿನಕ್ಕೆ ಹತ್ತು ಹೇಳುತ್ತಾರೆ. ಜೀಪು ಬಾಗಿಲಲ್ಲಿ ನಿಂತಿದೆ, ಹುಡುಗಿ ಗಂಟು ಹಿಡಿದು ನಿಂತಿದ್ದಾಳೆ.

ಅವನು ನನ್ನ ಸನ್ನೆ ನೋಡಿದ. ನೋಡಿಯೂ, “ಹೌದು” ಎಂದ. “ಎಲ್ಲ ಕಡೆ ಹರಡಿಕೊಂಡು ಹೋಗ್ತದೆ. ಬಚ್ಚಲಿನ ಅಡಿಯಿಂದಲೂ ಹೋಗ್ತದೆ. ಮೋಟಾರು ಕೆಡ್ಲಿಕ್ಕೆ ಶುರುವಾಗಿ ತಿಂಗಳು ಆಗಿರ್ಬೇಕು. ನಿಮ್ಮ ಮಗಳಿಗೆ ತಾಗಿದ್ದು ಅದೇ. ಭ್ರಮೆ ಅಲ್ಲ, ವಾಯುವೂ ಅಲ್ಲ. ಉಂಟು.”

ಅವನ ಕತ್ತು ಹಿಸುಕುವಷ್ಟು ಕೋಪ ಬಂತು ನನಗೆ. ಅವನು ಮುಂದುವರಿಸಿದ. “ನೀವು ತಗಡು ತೆಗೆದ್ರಿ, ಬಚ್ಚಲಿಗೆ ಬರುದು ನಿಂತಿತು. ಆದ್ರೆ ಮಣ್ಣಿಗೆ ದಾರಿ ಇಲ್ಲದೆ, ತೆಂಗಿನಕಾಯಿಗೆ ಸುತ್ತಿದ ತಂತಿಯಿಂದ ತಂತಿಗೆ ದಾಟಿ, ಅದು ಹಲ್ಲರಿಗೆ ಹೋಗಿ ಕೂತಿತು. ಅಕ್ಕುವನ್ನು ಹಿಡೀತು. ನಾನು ಜಾಗ ಬದಲಿಸ್ತೇನೆ. ಮಿಲ್ಲಿನ ಎದುರು ಮುರಕಲ್ಲು ಒಡೆದು ಹೂಳ್ತೇನೆ, ನಿಮ್ಮ ಬಚ್ಚಲಿನಿಂದ ದೂರ. ಮೋಟಾರು ರಿಪೇರಿಯಾಗಿ ಬರುವವರೆಗೆ ಮಿಲ್ಲಿಗೆ ಕರೆಂಟು ಇಲ್ಲ, ಈಗಲೇ ಫ್ಯೂಸು ತೆಗೀತೇನೆ.”

“ಹೊಟ್ಟೆಯಲ್ಲಿ ಇದ್ದದ್ದಕ್ಕೆ ಎಂತಾದ್ರೂ ಆಗಿದೆಯಾ?”

“ಅಷ್ಟು ಬಲದ್ದು ಅಲ್ಲ ಅಂತ ಕಾಣ್ತದೆ. ಆದ್ರೆ ಅದು ನನ್ನ ವಿದ್ಯೆ ಅಲ್ಲ ತಿಮ್ಮಕ್ಕ. ಅದನ್ನು ಇವರು ಹೇಳ್ಬೇಕು” ಎಂದು ನನ್ನನ್ನು ತೋರಿಸಿದ.

ನಾನು ಪ್ರೇಮಾವತಿಯನ್ನು ಚಾಪೆಯ ಮೇಲೆ ಮಲಗಿಸಿ, ಮರದ ಕೊಳವೆಯನ್ನು ಹೊಟ್ಟೆಗಿಟ್ಟು, ಕಿವಿ ಕೊಟ್ಟೆ. ಮೊದಲು ನನ್ನ ಎದೆಯ ಬಡಿತವೇ ಕೇಳಿತು. ಸ್ವಲ್ಪ ಕೊಳವೆ ಸರಿಸಿದೆ. ಆಮೇಲೆ ಕೇಳಿತು, ಅವಸರದ, ಸಣ್ಣ, ಗಟ್ಟಿ ಬಡಿತ. ಎಲ್ಲ ಸರಿಯಾಗುತ್ತದೆ, ಹೆದರಬೇಡಿ ಎಂದು ಅಭ್ಯಾಸಬಲದಿಂದ ಹೇಳಲು ಹೊರಟೆ. ಯಾಕೋ ಹೇಳಲಿಲ್ಲ. ಕೇಳಿದಷ್ಟನ್ನೇ ಹೇಳಿದೆ. “ಉಂಟು. ಚೆನ್ನಾಗಿ ಉಂಟು. ಆದ್ರೆ ಆ ಜೀಪು ಹತ್ತಿದ್ರೆ ಎಂತ ಆಗ್ತದೆ ಅಂತ ನನಗೆ ಗೊತ್ತಿಲ್ಲ.”

ತಿಮ್ಮಕ್ಕ ಹೊಸಿಲ ಮೇಲೆ ಕೂತಳು. ಹೊರಗೆ ಉಸ್ಮಾನ್ ಮತ್ತೊಮ್ಮೆ ಹಾರ್ನ್ ಹೊಡೆದ.

“ಅಳಿಯ ಎಂತ ಇಲ್ಲ ಅಂದ. ಡಾಕ್ಟರು ಎಂತ ಇಲ್ಲ ಅಂದ್ರು. ನೀವೂ ಅಂದ್ರಿ ನರ್ಸಮ್ಮ. ಮಗಳು ಬಚ್ಚಲಿನಲ್ಲಿ ನಿಂತು ಅಳುದನ್ನು ನಾನು ನೋಡಿದ್ದೇನೆ, ಇಲ್ಲ ಅಂತ ಹೇಗೆ ನಂಬುದು? ಉಂಟು ಅಂತ ಹೇಳಿದವ ಮಂತ್ರವಾದಿ ಒಬ್ಬನೇ. ಅದಕ್ಕೆ ಅವನನ್ನು ನಂಬಿದೆ.” ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯಾಚೆ ನಿಂತಿದ್ದ ತೀರ್ಥರಾಮನ ಕಡೆ ನೋಡಿದಳು. “ಈಗ ನೀನು ಹೇಳಿದೆ.” ಆಮೇಲೆ ನನಗೆ, “ಉಸ್ಮಾನನಿಗೆ ಹೋಗ್ಲಿಕ್ಕೆ ಹೇಳಿ” ಎಂದಳು.

ನಾನು ಅಳುವವಳಲ್ಲ. ಜೀಪಿನ ಹತ್ತಿರ ಹೋಗುವಾಗ ಕಣ್ಣಿಗೆ ತೌಡಿನ ಧೂಳು ಹೊಕ್ಕಿತು ಎಂದು ಉಸ್ಮಾನನಿಗೆ ಹೇಳಿದೆ. ಮಿಲ್ಲು ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು. ಅವನು ಪಾಪ ನಂಬಿದ.

ಮುರಕಲ್ಲು ಒಡೆಯಲು ಆಳುಗಳಿಗೆ ವಾರ ಹಿಡಿಯಿತು. ತೀರ್ಥರಾಮ ದಿನಾ ಬಸ್ಸಿನಲ್ಲಿ ಬಂದು ಗುಂಡಿಯ ಅಂಚಿನಲ್ಲಿ ನಿಂತು ಸಿಡುಕುತ್ತಿದ್ದ. ಹೊಸ ತಗಡುಗಳನ್ನು ಹೂಳುವ ದಿನ ಅವನ್ನು ಮೊದಲು ತಿಮ್ಮಕ್ಕನ ಅಂಗಳಕ್ಕೆ ತಂದು ಅವಳ ಕೈಗೆ ಕೊಟ್ಟ. ಅವಳು ಎರಡೂ ಬದಿ ತಿರುಗಿಸಿ, ಮಂತ್ರದ ಬರಹವೇನಾದರೂ ಉಂಟೇ ಎಂದು ನೋಡಿ, “ಆಯ್ತು” ಎಂದು ಹಿಂದೆ ಕೊಟ್ಟಳು. ಇಲ್ಲಿಯ ನೆಲ ಒಣ, ಬೇಸಿಗೆಯಲ್ಲಿ ದಿನಾ ನೀರು ಹೊಯ್ಯದಿದ್ದರೆ ಈ ಅರ್ತ್ ಇದ್ದೂ ಇಲ್ಲದ ಹಾಗೆ ಎಂದು ಅವನು ದೇರಣ್ಣನಿಗೆ ಮೂರು ಸಲ ಹೇಳಿದ. ದೇರಣ್ಣ ಮೂರು ಸಲವೂ ತಲೆಯಾಡಿಸಿದ. ಅವನ ತಲೆಯಾಡಿಸುವಿಕೆ ನನಗೆ ಗೊತ್ತು.

ಪ್ರೇಮಾವತಿಗೆ ಹೆಣ್ಣು ಮಗು ಹುಟ್ಟಿತು. ಕಷ್ಟದ ಹೆರಿಗೆ. ಮಗು ಮೊದಲು ಅಳಲೂ ಇಲ್ಲ, ನಾನು ಬಯ್ಯುತ್ತಾ ಬೆನ್ನು ಉಜ್ಜಿದ ಮೇಲೆ ಅತ್ತಿತು. ಮಂಗಳೂರಿನಿಂದ ಮೋಟಾರು ಬಂತು, ಮಿಲ್ಲು ಶುರುವಾಯಿತು. ಅಕ್ಕು ಮಾತ್ರ ಬಹಳ ದಿನ ಹ‌ಲ್ಲರನ್ನು ಮುಟ್ಟುವ ಮೊದಲು ಸೆರಗಿನ ತುದಿಯಿಂದ ತಟ್ಟಿ ನೋಡುತ್ತಿದ್ದಳು.

ಮಳೆ ನಿಂತು ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ ತೀರ್ಥರಾಮ ಮತ್ತೆ ಬಂದ, ಅರ್ತ್ ಪರೀಕ್ಷೆ ಮಾಡಲು. ನೀರು ಹೊಯ್ದಿದ್ದೀರಾ ಎಂದರೆ ದೇರಣ್ಣ ಕಂಬ ನೋಡಿದ, ಆಕಾಶ ನೋಡಿದ. ತೀರ್ಥರಾಮ ಹಲ್ಲು ಕಚ್ಚಿಕೊಂಡು ಪೆಟ್ಟಿಗೆ ತಿರುಗಿಸಿದ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಅವನು ನಂಬದೆ ಇನ್ನೊಮ್ಮೆ ತಿರುಗಿಸಿದ. ಮತ್ತೆ ಅಲ್ಲೇ.

“ಮಣ್ಣು ತಿನ್ಬೇಡಿ” ಎಂದು ನಾನು ಮೊದಲೇ ಎಚ್ಚರಿಸಿದೆ.

ಅವನು ಚಿಟಿಕೆ ಮಣ್ಣನ್ನು ಈ ಸಲ ಮೂಗಿಗೆ ಹಿಡಿದ. ನನಗೂ ಹಿಡಿದ. ಅರಸಿನದ ವಾಸನೆ, ಕಾಸಿದ ತೆಂಗಿನೆಣ್ಣೆಯ ವಾಸನೆ. ಗುಂಡಿಯ ಅಂಚಿನಲ್ಲಿ ನೀರು ಹರಿಯುವ ಒಂದು ಸಣ್ಣ ತೋಡು ಕಂಡಿತು, ಕತ್ತಿಯ ತುದಿಯಿಂದ ಮುರಕಲ್ಲನ್ನು ಕೆತ್ತಿ ಮಾಡಿದ್ದು. ಅದರ ಜಾಡು ಹಿಡಿದು ಇಬ್ಬರೂ ಹೊರಟೆವು. ತೋಡು ಮಿಲ್ಲಿನ ಗೋಡೆ ಸುತ್ತಿ, ಕೆಸುವಿನ ಗಿಡಗಳ ನಡುವಿನಿಂದ ಹಾದು, ಜಗಳದ ಆ ತುಂಡು ಜಾಗವನ್ನು ಉದ್ದಕ್ಕೆ ದಾಟಿ, ತಿಮ್ಮಕ್ಕನ ಬಚ್ಚಲಿನ ತೂತಿನಲ್ಲಿ ಮುಗಿಯಿತು. ತೂತಿನಿಂದ ಬಿಸಿ ನೀರು ಹಬೆಯಾಡುತ್ತಾ ಬರುತ್ತಿತ್ತು.

ಒಳಗೆ ತಿಮ್ಮಕ್ಕ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಬೋರಲು ಮಲಗಿಸಿ ನೀರು ಹೊಯ್ಯುತ್ತಿದ್ದಳು. ಮಗು ಊರು ಒಂದಾಗುವ ಹಾಗೆ ಅಳುತ್ತಿತ್ತು.

“ಬಾಣಂತಿಗೂ ಮಗುವಿಗೂ ಎಷ್ಟು ನೀರು ಬೇಕು ಗೊತ್ತುಂಟಾ? ಸುಮ್ಮನೆ ಕೆಸುವಿಗೆ ಹೋಗುದು ಯಾಕೆ? ಅಕ್ಕುವೂ ಒಬ್ಬರ ಮಗಳಲ್ವಾ?” ಎಂದಳು ತಿಮ್ಮಕ್ಕ, ನಮ್ಮನ್ನು ನೋಡದೆ. ಆಮೇಲೆ ನೋಡಿ, “ಆಗಲೇ ಕೇಳಿದ್ರೆ ಆಗಲೇ ಕೊಡ್ತಿದ್ದೆ. ನೀವು ಯಾರೂ ಕೇಳ್ಲಿಲ್ಲ” ಎಂದಳು.

ಒದ್ದೆಯಾದ ತೋಡನ್ನೂ ಬಚ್ಚಲಿನ ಕಲ್ಲನ್ನೂ ನೋಡಿ ತೀರ್ಥರಾಮನಿಗೆ ಬೇರೆಯೇ ಯೋಚನೆ ಬಂದಿತ್ತು: ಈ ಒದ್ದೆ ದಾರಿಯಲ್ಲಿ ಕರೆಂಟು ತಿರುಗಿ ಬಚ್ಚಲಿಗೇ ಬಂದರೆ? ಮಿಲ್ಲು ಓಡುತ್ತಲೇ ಇತ್ತು. ಅವನು ರಬ್ಬರಿನ ಬೂಟು ಕಳಚಿದ. ಪ್ಯಾಂಟು ಮಡಚಿ, ಬರಿಗಾಲಿನಲ್ಲಿ ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ನಿಂತು, ಹಂಡೆಯ ನೀರಿಗೆ ಕೈಯನ್ನು ಮೊಣಕೈವರೆಗೆ ಇಳಿಸಿದ. ಅವನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತ.

“ಇಲ್ಲ ತಿಮ್ಮಕ್ಕ” ಎಂದ. “ಎಂತ ಇಲ್ಲ.”

“ನೀನು ಇಲ್ಲ ಅಂದ್ರೆ ಇಲ್ಲ” ಎಂದು ಅವಳು ಮಗುವನ್ನು ಅಂಗಾತ ತಿರುಗಿಸಿ, ಇನ್ನೊಂದು ಚೊಂಬು ನೀರು ಹೊಯ್ದಳು.